ಆರು ಮಳೆಗಾಲ, ಸಾವಿರದ ನೂರು ಪುಸ್ತಕ: ಬೇವು, ಬಜೆ, ಬಲ್ಬು, ಸಿಲಿಕಾ

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾದ ಮೇಲೆ ನಮ್ಮ ಮನೆಯ ಪುಸ್ತಕದ ಕಪಾಟು ತೆರೆದರೆ ಕಣ್ಣಿಗಿಂತ ಮೊದಲು ಮೂಗಿಗೆ ಸುದ್ದಿ ಮುಟ್ಟುತ್ತದೆ. ಹಳೆಯ ಪುಸ್ತಕದ ಪರಿಮಳ ಬೇರೆ, ಬೂಷ್ಟಿನ ವಾಸನೆ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಮೈಮರೆಯುವ ಪುಸ್ತಕಪ್ರೇಮಿಗಳನ್ನು ಕಂಡಿದ್ದೇನೆ. ನನಗೆ ಅವರ ಬಗ್ಗೆ ಆತಂಕವಾಗುತ್ತದೆ. ಕಾಗದ ಹಳತಾಗುತ್ತ ಹೋದಂತೆ ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶ ನಿಧಾನವಾಗಿ ಒಡೆಯುತ್ತದೆ. ಆಗ ಹೊಮ್ಮುವ ಆವಿಯಲ್ಲಿ ವೆನಿಲ್ಲಾದ ಪರಿಮಳ ಕೊಡುವ ವಸ್ತುವೂ ಸೇರಿರುತ್ತದೆ. ಒಣಗಿದ ಹುಲ್ಲು, ಸ್ವಲ್ಪ ಬಾದಾಮಿ, ಸ್ವಲ್ಪ ಬೆಲ್ಲ ಸೇರಿದಂಥ ಆ ಘಮ ಪುಸ್ತಕಕ್ಕೆ ವಯಸ್ಸಾಗಿದೆ ಎಂದು ಹೇಳುತ್ತದೆ, ಅಷ್ಟೆ. ಬೂಷ್ಟಿನ ವಾಸನೆ ಮಣ್ಣಿನ ಮಡಕೆಯ ತಳದಂತೆ, ಒದ್ದೆ ಗೋಣಿಚೀಲದಂತೆ ಇರುತ್ತದೆ. ಅದು ಬಂತೆಂದರೆ ಪುಸ್ತಕವನ್ನು ಯಾವುದೋ ಜೀವಿ ಆಗಲೇ ತಿನ್ನತೊಡಗಿದೆ ಎಂದೇ ಅರ್ಥ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಮುಟ್ಟಿದರೆ ಕೈ ತಣ್ಣಗಾಗುತ್ತದೆ. ಅಂಥ ಊರಿನಲ್ಲಿ ಅಪ್ಪ ಐವತ್ತು ವರ್ಷ ಪುಸ್ತಕ ಕೂಡಿಟ್ಟರು. ಅಡಿಕೆ ಮಾರಿದ ದಿನ ಶಿವಮೊಗ್ಗದಿಂದ ಬರುವಾಗ ಅವರ ಚೀಲದಲ್ಲಿ ಒಂದಾದರೂ ಪುಸ್ತಕ ಇರುತ್ತಿತ್ತು. ಮೊದಲ ಪುಟದಲ್ಲಿ ಶಾಯಿ ಪೆನ್ನಿನಿಂದ ತಾರೀಖು, ಊರು, ಆ ದಿನದ ಮಳೆಯ ಹೆಸರು ಬರೆಯುತ್ತಿದ್ದರು: ‘12-8-1974, ಶಿವಮೊಗ್ಗ, ಆಶ್ಲೇಷಾ, ಜೋರು.’ ಗುರುತಿಗೆ ಬಸ್ ಟಿಕೆಟ್. ಯಾರಾದರೂ ಪುಸ್ತಕ ಒಯ್ದರೆ ಬರೆದಿಡಲು ಒಂದು ಕಡದ ಪುಸ್ತಕ. ಅಪ್ಪ ತೀರಿಕೊಂಡ ಮೇಲೆ, ನಾನು ಶಾಲೆಯ ಕೆಲಸದಿಂದ ನಿವೃತ್ತಿಯಾಗಿ ಊರಿಗೆ ಬಂದಾಗ ಎಣಿಸಿದರೆ 1,100ಕ್ಕೆ ಹತ್ತಿರ ಹತ್ತಿರ ಪುಸ್ತಕಗಳಿದ್ದವು. ನನ್ನವೂ ಒಂದಿಷ್ಟು ಸೇರಿದವು. ಇವನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದರೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಹಾಗಾಗಿ 2019ರಿಂದ 2024ರವರೆಗೆ ಆರು ಮಳೆಗಾಲ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ.

ಮಗಳು ಬೆಂಗಳೂರಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ತೇವಮಾಪಕಗಳನ್ನು ಕಳಿಸಿಕೊಟ್ಟಳು. ಒಂದೊಂದು ಕಪಾಟಿಗೆ ಒಂದೊಂದು ಇಟ್ಟು ಬೆಳಿಗ್ಗೆ, ಸಂಜೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಓದುಗರಿಗೆ ಒಂದು ಅಂಕಿ ನೆನಪಿದ್ದರೆ ಸಾಕು: ಗಾಳಿಯ ತೇವಾಂಶ ಶೇಕಡಾ 65–70ನ್ನು ದಾಟಿ ದಿನಗಟ್ಟಲೆ ಅಲ್ಲಿಯೇ ನಿಂತರೆ ಬೂಷ್ಟು ಮೊಳೆಯುತ್ತದೆ. ಜುಲೈಯಲ್ಲಿ ನಮ್ಮ ನಡುಮನೆಯ ತೇವಾಂಶ 88ರಿಂದ 94. ಒಂದು ದಪ್ಪ ನಿಘಂಟನ್ನು ಮೇ ತಿಂಗಳಲ್ಲಿ ತೂಗಿದಾಗ 612 ಗ್ರಾಂ ಇತ್ತು, ಜುಲೈ ಕೊನೆಗೆ 640. ಹೆಚ್ಚಿದ 28 ಗ್ರಾಂ ಶುದ್ಧ ನೀರು. ಪುಸ್ತಕ ನೀರು ಕುಡಿಯುತ್ತದೆ ಎಂಬುದು ಬರಿಯ ಮಾತಲ್ಲವೆಂದು ಆ ತಕ್ಕಡಿಯ ಮುಂದೆ ನಿಂತಾಗಲೇ ನನಗೆ ಮನಸ್ಸಿಗೆ ಇಳಿದದ್ದು.

ಮೊದಲು ಬೇವು. ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಅದೇ. ಆದರೆ ಬೇವು ಬಯಲುಸೀಮೆಯ ಮರ. ನಮ್ಮ ಮಳೆಗೆ ಅದು ಹುಲುಸಾಗಿ ಬರುವುದಿಲ್ಲ. ದಾವಣಗೆರೆಯ ಕಡೆಯ ನೆಂಟರಿಂದ ಒಂದು ಚೀಲ ಸೊಪ್ಪು ತರಿಸಿದೆ. ಹಸಿ ಎಲೆಯನ್ನು ಹಾಳೆಗಳ ನಡುವೆ ಇಟ್ಟ ಇಪ್ಪತ್ತು ಪುಸ್ತಕಗಳಲ್ಲಿ ಆರರಲ್ಲಿ ಎಲೆಯ ಆಕಾರದ ಕಂದು ಕಲೆ ಉಳಿಯಿತು, ಕಲೆಯ ಅಂಚಿನಲ್ಲಿ ಬೂಷ್ಟೂ ಬಂತು. ಹಸಿ ಎಲೆಯಲ್ಲಿ ನೀರಿದೆ, ಅದನ್ನು ನಾವೇ ಕೈಯಾರೆ ಕಾಗದದೊಳಗೆ ಇಟ್ಟಂತಾಯಿತು. ಮರುವರ್ಷ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ತೆಳು ಬಟ್ಟೆಯ ಪೊಟ್ಟಣ ಕಟ್ಟಿ ಪುಸ್ತಕಗಳ ಹಿಂದೆ ಇಟ್ಟೆ. ಬೆಳ್ಳಿಹುಳುಗಳು ಕಡಿಮೆಯಾದವು, ತೇವಾಂಶ ಒಂದು ಅಂಕಿಯೂ ಇಳಿಯಲಿಲ್ಲ. ಬಯಲುಸೀಮೆಯ ಮನೆಗಳಿಗೆ ಇದು ಸಾಕಾಗಬಹುದು, ಏಕೆಂದರೆ ಅಲ್ಲಿ ಹುಳುವೇ ಮುಖ್ಯ ಶತ್ರು. ನಮ್ಮ ಶತ್ರು ಗಾಳಿಯಲ್ಲಿದೆ.

ಬಜೆ ಮತ್ತು ಲಕ್ಕಿ ಸೊಪ್ಪು ನಮ್ಮ ಕಡೆಯ ಉತ್ತರ. ಬಜೆಯ ಬೇರನ್ನು ಕುಟ್ಟಿ ಪೊಟ್ಟಣ ಮಾಡಿದರೆ ಅದರ ಖಾರವಾದ ಘಾಟು ಎರಡು ಮಳೆಗಾಲ ಉಳಿಯುತ್ತದೆ. ಬೇವಿಗಿಂತ ಬಜೆ ಮೇಲು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ: ಬಜೆ ಇಟ್ಟ ಸಾಲಿನಲ್ಲಿ ಮೂರು ವರ್ಷದಲ್ಲಿ ಒಂದೇ ಒಂದು ಹೊಸ ತೂತು ಕಂಡೆ. ಲಕ್ಕಿಯ ಘಮ ನನಗೆ ಇಷ್ಟ, ಆದರೆ ಆರು ವಾರಕ್ಕೆ ಮಂಕಾಗುತ್ತದೆ. ಬೂಷ್ಟಿಗೆ ಎರಡೂ ನಿರುಪಯೋಗಿ.

ತಾಳೆಗರಿಗಳಿಗೆ ಸಿಟ್ರೊನೆಲ್ಲಾ ಎಂಬ ಪರಿಮಳದ ಹುಲ್ಲಿನ ಎಣ್ಣೆ ಸವರುವ ರೂಢಿ ಇದೆಯಲ್ಲ, ಅದನ್ನು ನೆನೆದು ಅದೇ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಒಂದು ಕಪಾಟಿನಲ್ಲಿ ಇಟ್ಟಿದ್ದೆ. ಹತ್ತಿ ಉರುಳಿ ಒಂದು ಕವನ ಸಂಕಲನದ ಅಂಚಿಗೆ ತಾಗಿ, ಹದಿನಾರು ಪುಟಗಳಷ್ಟು ಒಳಕ್ಕೆ ಎಣ್ಣೆ ಹರಿಯಿತು. ತಾಳೆಗರಿ ಎಣ್ಣೆಯನ್ನು ತಾಳಿಕೊಳ್ಳುತ್ತದೆ, ಅದರಿಂದ ಮೆತ್ತಗಾಗಿ ಬಾಳುತ್ತದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಕೌಟಿಲ್ಯನ ಅರ್ಥಶಾಸ್ತ್ರ ಬಿದ್ದದ್ದು ತಾಳೆಗರಿಯ ಕಟ್ಟಿನಲ್ಲಿಯೇ. ಕಾಗದದ ಗುಣ ಬೇರೆ. ಅದರ ಹತ್ತಿರಕ್ಕೆ ಎಣ್ಣೆಯನ್ನು ತರಬಾರದು.

ನುಸಿಗುಳಿಗೆಯ ವಿಷಯಕ್ಕೆ ಹೆಚ್ಚು ಮಾತು ಬೇಡ. ಅದರ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ಬೂಷ್ಟನ್ನು ತಡೆಯುವುದಿಲ್ಲ, ಪುಸ್ತಕ ಬಿಡಿಸಿದರೆ ಕಥೆಯ ಜೊತೆಗೆ ಶೌಚಾಲಯದ ನೆನಪನ್ನೂ ತರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅಪಾಯವೂ ಹೌದು. ಕೆಲವು ಮಕ್ಕಳಲ್ಲಿ ರಕ್ತಕಣಗಳು ಒಡೆಯುವಂತೆ ಮಾಡುತ್ತದೆ. ಒಂದೇ ಮಳೆಗಾಲಕ್ಕೆ ಬಿಟ್ಟೆ.

ಬಲ್ಬಿನ ಪ್ರಯೋಗದ ಬಗ್ಗೆ ಮಾತ್ರ ಸಾವಕಾಶವಾಗಿ ಹೇಳಬೇಕು, ಏಕೆಂದರೆ ಮಲೆನಾಡಿನ ಬಹಳ ಮನೆಗಳಲ್ಲಿ ಬಟ್ಟೆಯ ಕಪಾಟಿನೊಳಗೆ ಒಂದು ಬಲ್ಬು ಉರಿಯುತ್ತಿರುತ್ತದೆ. ತತ್ತ್ವ ಸರಳ. ಗಾಳಿ ಬಿಸಿಯಾದರೆ ಹೆಚ್ಚು ನೀರನ್ನು ಹಿಡಿಯಬಲ್ಲದು, ಆದ್ದರಿಂದ ಅಷ್ಟೇ ನೀರಿದ್ದರೂ ತೇವಾಂಶದ ಅಂಕಿ ಇಳಿಯುತ್ತದೆ. 23 ಡಿಗ್ರಿಯಲ್ಲಿ 90 ಇರುವ ತೇವಾಂಶ 29 ಡಿಗ್ರಿಗೆ ಏರಿದಾಗ 63ರ ಸುಮಾರಿಗೆ ಬರಬೇಕು. ಬೀಟೆ ಮರದ ಹಳೆಯ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ 40 ವಾಟಿನ ಹಳೆಯ ಕಾಲದ ಬಲ್ಬು ಹಾಕಿ ಬಾಗಿಲು ಭದ್ರವಾಗಿ ಮುಚ್ಚಿದೆ. ಬೆಳಿಗ್ಗೆ ನೋಡಿದರೆ ಶಾಖ 29ಕ್ಕೆ ಏರಿತ್ತು, ತೇವಾಂಶ ಮಾತ್ರ 84ರಲ್ಲಿಯೇ ಕುಳಿತಿತ್ತು. ಮೂರು ದಿನ ಹಾಗೆಯೇ. ಮಾಪಕ ಕೆಟ್ಟಿದೆ ಎಂದುಕೊಂಡು ಬದಲಿಸಿದೆ; ಅದೂ 84 ಎಂದಿತು.

ಆಗ ತಕ್ಕಡಿಯ 28 ಗ್ರಾಂ ನೆನಪಾಯಿತು. ಬಿಸಿಯಾದ ಗಾಳಿಗೆ ಬೇಕಾದ ನೀರನ್ನು ಪುಸ್ತಕಗಳೇ ಬಿಟ್ಟುಕೊಡುತ್ತಿದ್ದವು. ಮುಚ್ಚಿದ ಕಪಾಟಿನಲ್ಲಿ ಗಾಳಿ ಎಷ್ಟು ಇದ್ದೀತು? ಅದರ ಸಾವಿರಾರು ಪಟ್ಟು ನೀರು ಕಾಗದದೊಳಗಿದೆ. ಹೊರಗೆ ಹೋಗಲು ದಾರಿಯಿಲ್ಲದೆ ಆ ಆವಿ ಅಲ್ಲಿಯೇ ಸುತ್ತುತ್ತಿತ್ತು. ಬಾಗಿಲನ್ನು ಎರಡು ಬೆರಳಿನಷ್ಟು ತೆರೆದಿಟ್ಟೆ. ಮೇಲೆ ಕಪಾಟಿನ ಹಿಂಬದಿಯ ಹಲಗೆಯಲ್ಲಿ ಒಂದು ಸಣ್ಣ ಕಿಂಡಿಯನ್ನೂ ಕೊರೆಸಿದೆ. ಹತ್ತು ದಿನಕ್ಕೆ ಅಂಕಿ 66ಕ್ಕೆ ಇಳಿಯಿತು, ಆ ಮಳೆಗಾಲವಿಡೀ 70ರ ಮೇಲೆ ಹೋಗಲಿಲ್ಲ. ಬಾಗಿಲು ಮುಚ್ಚಿದರೆ ಪುಸ್ತಕ ಸುರಕ್ಷಿತ ಎಂದು ನಂಬಿ ಬಂದವರಿಗೆ ಬಾಗಿಲನ್ನು ತುಸು ತೆರೆದಿಡಿ ಎಂದು ಹೇಳುವುದು ಕಷ್ಟ. ನಾನು ನಂಬಿದ್ದು ಅಂಕಿ ನೋಡಿದ ಮೇಲೆಯೇ.

ಖರ್ಚು ದೊಡ್ಡದಲ್ಲ: ದಿನವಿಡೀ ಉರಿದರೂ ಒಂದು ಯೂನಿಟ್ಟಿಗೆ ಕಡಿಮೆ. ಆದರೆ ಕಾಗದ ಮತ್ತು ಮರದ ನಡುವೆ ಬಿಸಿ ಗಾಜು ಇಡುವುದು ಹುಡುಗಾಟವಲ್ಲ. ಬಲ್ಬಿಗೆ ತಂತಿಯ ಬುಟ್ಟಿ ಹಾಕಿಸಿದ್ದೇನೆ, ಸುತ್ತ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೇನೆ, ಹೊಸ ವೈರು ಎಳೆಸಿದ್ದೇನೆ, ಮಲಗುವ ಮೊದಲು ಆರಿಸುತ್ತೇನೆ. ಇವುಗಳಲ್ಲಿ ಒಂದನ್ನು ಮಾಡಲಾಗದಿದ್ದರೂ ಈ ದಾರಿ ಬೇಡ. ಎಲ್‌ಇಡಿ ಬಲ್ಬಿನಿಂದ ಈ ಕೆಲಸವಾಗುವುದಿಲ್ಲ, ಅದರ ಶಾಖ ಸಾಲದು.

ಗಾಳಿಯ ತೇವ ಹೀರುವ ಸಿಲಿಕಾ ಜೆಲ್ ಎಂಬ ಹರಳು ಇದಕ್ಕೆ ನೇರ ಎದುರಾಳಿ. ಬಲ್ಬಿಗೆ ತೆರೆದ ಬಾಗಿಲು ಬೇಕು, ಸಿಲಿಕಾಕ್ಕೆ ಒಂದಿಷ್ಟೂ ಗಾಳಿಯಾಡದ ಮುಚ್ಚಳ ಬೇಕು. ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ ಮೊದಲು ಮಾಡಿ ಸೋತೆ. ಅದರ ಮುಚ್ಚಳದ ಸಂದಿಯಿಂದ ಊರಿನ ಮಳೆಯೆಲ್ಲ ಒಳಗೆ ಬರುತ್ತಿತ್ತು. ಆಮೇಲೆ ರಬ್ಬರಿನ ಪಟ್ಟಿಯುಳ್ಳ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತಂದೆ. ಒಂದೊಂದರಲ್ಲಿ ಅರುವತ್ತು ಪುಸ್ತಕ, ಸುಮಾರು ಇಪ್ಪತ್ತು ಕಿಲೋ. ಒಂದು ಕಿಲೋ ಕಿತ್ತಳೆ ಬಣ್ಣದ ಹರಳನ್ನು ಹಳೆಯ ಪಂಚೆಯ ಚೀಲಗಳಲ್ಲಿ ಕಟ್ಟಿ ಮೂಲೆಗಳಲ್ಲಿ ಇಟ್ಟೆ. ನೀರು ಕುಡಿದಂತೆ ಅದು ಹಸಿರಾಗುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಹರಳೂ ಸಿಗುತ್ತದೆ. ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುವುದರಿಂದ ಮನೆಯ ಬಳಕೆಗೆ ಬೇಡ.

ಮೊದಲ ಸಲ ಜುಲೈಯಲ್ಲಿ ತುಂಬಿದೆ. ನಾಲ್ಕೇ ದಿನಕ್ಕೆ ಹರಳೆಲ್ಲ ಹಸಿರು. ದೋಸೆಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬಿಸಿ ಮಾಡಿದರೆ ನೀರು ಬಿಟ್ಟು ಮತ್ತೆ ಕಿತ್ತಳೆಯಾಗುತ್ತದೆ. ಹಾಗೆ ಒಂದೇ ತಿಂಗಳಲ್ಲಿ ಐದು ಸಲ ಹುರಿದೆ. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು: ಇಪ್ಪತ್ತು ಕಿಲೋ ಒದ್ದೆ ಪುಸ್ತಕದಿಂದ ತೆಗೆಯಬೇಕಾದ ನೀರೇ ಮುಕ್ಕಾಲು ಲೀಟರಿಗಿಂತ ಹೆಚ್ಚು, ಒಂದು ಕಿಲೋ ಹರಳು ಒಂದು ಸಲಕ್ಕೆ ಅದರ ಮೂರನೆಯ ಒಂದು ಭಾಗದಷ್ಟನ್ನೂ ಕುಡಿಯುವುದು ಕಷ್ಟ. ಮರುವರ್ಷ ಅದೇ ಪೆಟ್ಟಿಗೆಯನ್ನು ವೈಶಾಖದ ಬಿಸಿಲಿನ ದಿನಗಳಲ್ಲಿ, ಪುಸ್ತಕಗಳು ತಾವಾಗಿ ಒಣಗಿದ್ದಾಗ ತುಂಬಿ ಮುಚ್ಚಿದೆ. ಮಳೆಗಾಲವಿಡೀ ಒಂದೇ ಒಂದು ಸಲ ಹರಳು ಹುರಿದೆ. ತೇವಾಂಶ 52ರಿಂದ 57ರ ನಡುವೆ ನಿಂತಿತು. ನನ್ನ ಆರು ವರ್ಷದ ನೋಟ್‌ಬುಕ್ಕಿನಲ್ಲಿ ಇದಕ್ಕಿಂತ ಒಳ್ಳೆಯ ಅಂಕಿ ಬೇರೆಲ್ಲೂ ಇಲ್ಲ.

ಆದರೂ ಅದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಪೆಟ್ಟಿಗೆಯಲ್ಲಿರುವ ಪುಸ್ತಕ ಜೂನ್‌ನಿಂದ ಅಕ್ಟೋಬರ್‌ವರೆಗೆ ನನ್ನದಲ್ಲ. ಓದಲು ಅತ್ಯಂತ ಹಿತವಾದ ಕಾಲವೆಂದರೆ ಮಳೆಗಾಲವೇ. ಹೊರಗೆ ಹೋಗುವ ಹಾಗಿಲ್ಲ, ತೋಟದ ಕೆಲಸ ನಿಂತಿದೆ, ಹಂಚಿನ ಮೇಲೆ ಒಂದೇ ಸಮನೆ ಸದ್ದು, ಕಂಬಳಿ, ಬಿಸಿ ಕಷಾಯ. ಆ ಹೊತ್ತಿನಲ್ಲಿ ಇಂಥದೇ ಪುಸ್ತಕ ಬೇಕು ಎಂದು ಮನಸ್ಸು ಹಟ ಹಿಡಿಯುತ್ತದೆ. ನೋಡಿದರೆ ಅದು ಮೂರನೆಯ ಪೆಟ್ಟಿಗೆಯ ತಳದಲ್ಲಿರುತ್ತದೆ. ಮುಚ್ಚಳ ತೆರೆದರೆ ಹೊರಗಿನ ಗಾಳಿ ನುಗ್ಗುತ್ತದೆ.

ವಿದ್ಯುತ್ತಿನಿಂದ ಗಾಳಿಯ ನೀರು ಹಿಂಡುವ ಯಂತ್ರವನ್ನೂ ಒಬ್ಬ ಸ್ನೇಹಿತರಿಂದ ಹದಿನೈದು ದಿನಕ್ಕೆ ತಂದಿದ್ದೆ. ಕೋಣೆ ಮುಚ್ಚಿ ಚಾಲೂ ಮಾಡಿದರೆ ಸಂಜೆಯೊಳಗೆ ಡಬ್ಬಿ ತುಂಬುವಷ್ಟು ನೀರು; ನೋಡಲು ಬಹಳ ಸಮಾಧಾನ. ಹಂಚಿನ ಮನೆಯಲ್ಲಿ ಕೋಣೆ ಎಂದೂ ಪೂರ್ತಿ ಮುಚ್ಚುವುದಿಲ್ಲ, ಆ ಹದಿನೈದರಲ್ಲಿ ಏಳು ದಿನ ಕರೆಂಟೂ ಇರಲಿಲ್ಲ. ತಾರಸಿ ಮನೆಯವರಿಗೆ, ಪಟ್ಟಣದಲ್ಲಿರುವವರಿಗೆ ಇದು ಒಳ್ಳೆಯದು. ನಮಗಲ್ಲ.

ಅಜ್ಜನ ಕಾಲದವರಿಗೆ ಇವೇನೂ ಇರಲಿಲ್ಲ. ಅವರು ಪುಸ್ತಕ, ಬೀಜ, ಒಣಸಾಮಾನು ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ನಮ್ಮ ಅಟ್ಟದಲ್ಲಿ ಅಂಥ ಮೂವತ್ತು ಪುಸ್ತಕಗಳು ಸಿಕ್ಕವು. ಹುಳು ಮುಟ್ಟಿಲ್ಲ, ಬೂಷ್ಟಿಲ್ಲ. ಅಟ್ಟದ ತೇವಾಂಶ ಜುಲೈಯಲ್ಲೂ 60 ದಾಟುವುದಿಲ್ಲ. ಆದರೆ ಹೊಗೆ ಕಾಗದವನ್ನು ಹುಳಿಯಾಗಿಸಿ ಸುಡುತ್ತದೆ. ಹಾಳೆಗಳು ಕಂದಾಗಿ, ತಿರುಗಿಸಿದರೆ ಸುಟ್ಟ ಹಪ್ಪಳದಂತೆ ಮುರಿಯುತ್ತವೆ. ಅಚ್ಚುಮೊಳೆಯಲ್ಲಿ ಮುದ್ರಿಸಿದ ಕಾಲದವು ಅವು, ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಅಕ್ಷರಗಳ ಉಬ್ಬು ಇನ್ನೂ ತಾಗುತ್ತದೆ. ಮುಟ್ಟಿದರೆ ಮುರಿಯುವ ಪುಸ್ತಕವನ್ನು ಉಳಿದಿದೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವುಗಳಲ್ಲಿ ಮರುಮುದ್ರಣ ಕಾಣದ ಒಂಬತ್ತನ್ನು ಪುಟಪುಟವಾಗಿ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟಿದ್ದೇನೆ.

ಹುಳು ಹಿಡಿದ ಪುಸ್ತಕಕ್ಕೆ ಫ್ರೀಜರ್‌ನಷ್ಟು ಖಚಿತವಾದ ಮದ್ದು ಇನ್ನೊಂದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಎರಡು ವಾರ ಮಂಜುಗಡ್ಡೆಯ ಖಾನೆಯಲ್ಲಿ ಇಡುತ್ತೇನೆ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ಮಂಜಿನ ಹನಿ ಕೂರುತ್ತದೆ. ಹುಳು, ಮೊಟ್ಟೆ ಎಲ್ಲ ಸಾಯುತ್ತವೆ. ಬೂಷ್ಟು ಸಾಯುವುದಿಲ್ಲ, ಮಲಗುತ್ತದೆ. ಹಳೆಯ ಪುಸ್ತಕದಂಗಡಿಯಿಂದ ತಂದದ್ದು ಯಾವುದೇ ಇರಲಿ, ನಮ್ಮ ಮನೆಯಲ್ಲಿ ಮೊದಲು ಹೋಗುವುದು ಅಲ್ಲಿಗೆ. ಅವರೆಕಾಳಿನ ಪಕ್ಕದಲ್ಲಿ ಸಣ್ಣಕತೆಗಳ ಸಂಪುಟವನ್ನು ಕಂಡು ನೆಂಟರು ಬೆರಗಾಗುತ್ತಾರೆ. ವಿವರಿಸಿದರೆ ತಮ್ಮ ಮನೆಯ ಪುಸ್ತಕವನ್ನೂ ತರುತ್ತಾರೆ.

ಇನ್ನು ಹೊದಿಕೆ. ಇದರಲ್ಲಿ ನಾನು ಕಳೆದುಕೊಂಡದ್ದನ್ನು ಹೇಳಲೇಬೇಕು. ಪುಸ್ತಕಕ್ಕೆ ಹೊದಿಕೆ ಹಾಕುವುದು ನನಗೆ ಚಿಕ್ಕಂದಿನಿಂದಲೂ ಹಬ್ಬ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಮಗುಚಿ ಬಿಳಿಯ ಬದಿ ಮೇಲೆ ಬರುವಂತೆ ಹಾಕಿ, ಮೂಲೆ ಮಡಚಿ, ಬೆನ್ನಿನ ಮೇಲೆ ಹೆಸರು ಬರೆಯುವುದು. ಖಾಕಿ ಕಾಗದವೂ ಒಳ್ಳೆಯದು. ದಿನಪತ್ರಿಕೆಯ ಹಾಳೆ ಬೇಡ, ಅದರ ಹುಳಿ ರಟ್ಟಿಗೆ ಇಳಿಯುತ್ತದೆ. ಅಪ್ಪ ನನಗೆ ಹತ್ತನೆಯ ವಯಸ್ಸಿಗೆ ಕೊಟ್ಟ, ನುಣುಪು ಕಾಗದದ ಬಣ್ಣದ ಚಿತ್ರಗಳ ಹಕ್ಕಿಗಳ ಪುಸ್ತಕವೊಂದಿತ್ತು. ಎಲ್ಲಕ್ಕಿಂತ ಜೋಪಾನವಾಗಿರಲಿ ಎಂದು ಅದಕ್ಕೆ ಮಾತ್ರ ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಟುಪಟ್ಟಿ ಹಾಕಿ, ಉಕ್ಕಿನ ಕಪಾಟಿನಲ್ಲಿ ಇಟ್ಟೆ. ಉಕ್ಕಿನ ಕಪಾಟು ಗೆದ್ದಲಿಗೆ ಭದ್ರ, ಆದರೆ ಅದಕ್ಕೆ ಉಸಿರಿಲ್ಲ. ರಾತ್ರಿ ತಣ್ಣಗಾದಾಗ ಒಳಗೋಡೆಯಲ್ಲಿ ಹನಿ ಕೂರುತ್ತದೆ. ಎರಡನೆಯ ಮಳೆಗಾಲ ಕಳೆದು ತೆಗೆದರೆ ಹಾಳೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಇಟ್ಟಿಗೆಯಾಗಿತ್ತು. ನುಣುಪು ಕಾಗದದ ಮೇಲ್ಪದರ ಒದ್ದೆಯಾದರೆ ಅಂಟಿನಂತೆ ವರ್ತಿಸುತ್ತದೆ, ಒಣಗಿದ ಮೇಲೆ ಬಿಡಿಸುವ ಉಪಾಯವಿಲ್ಲ. ಮೊದಲ ಪುಟದಲ್ಲಿ ಅಪ್ಪ ಬರೆದಿದ್ದ ಶಾಯಿಯ ಸಾಲು ಹರಡಿ ನೀಲಿ ಮೋಡವಾಗಿತ್ತು. ತಾರೀಖು ಇಲ್ಲ, ಮಳೆಯ ಹೆಸರಿಲ್ಲ. ಅದನ್ನು ಎಸೆಯಲು ಇವತ್ತಿಗೂ ಆಗಿಲ್ಲ.

ಅದೇ ವರ್ಷ, ಯಾವ ಮದ್ದೂ ಇಲ್ಲದ ಒಂದು ಸಾಲು ನನ್ನ ಗಮನಕ್ಕೆ ಬಂತು. ಮಂಚದ ತಲೆಯ ಬದಿಗೆ, ಗೋಡೆಯಿಂದ ನಾಲ್ಕು ಅಂಗುಲ ಬಿಟ್ಟು ನಿಲ್ಲಿಸಿದ ತೆರೆದ ಹಲಗೆ. ಅಲ್ಲಿ ನಾನು ಮತ್ತೆ ಮತ್ತೆ ಓದುವ ನಲವತ್ತು ಪುಸ್ತಕಗಳಿವೆ. ಮಾಪಕ ಅಲ್ಲಿಯೂ 88 ತೋರಿಸುತ್ತದೆ. ಆರು ಮಳೆಗಾಲದಲ್ಲಿ ಆ ನಲವತ್ತರಲ್ಲಿ ಒಂದಕ್ಕೂ ಬೂಷ್ಟು ಬಂದಿಲ್ಲ. ನಿಂತ ಗಾಳಿ, ಕತ್ತಲು, ಯಾರೂ ಮುಟ್ಟದ ಧೂಳು: ಬೂಷ್ಟಿಗೆ ಒಗ್ಗುವುದು ಇವು. ದಿನಕ್ಕೊಮ್ಮೆ ಯಾವುದಾದರೂ ಪುಸ್ತಕವನ್ನು ತೆಗೆದು, ಹಾಳೆ ತಿರುಗಿಸಿ, ಸೆರಗಿನಿಂದ ಅಂಚು ಒರೆಸಿ, ಬೇರೆ ಜಾಗದಲ್ಲಿ ಇಟ್ಟರೆ ಪಕ್ಕದವುಗಳಿಗೂ ಗಾಳಿ ಸಿಗುತ್ತದೆ. ಮುಂದೊಂದು ಸಾಲು, ಹಿಂದೊಂದು ಸಾಲು ಮಾಡಿ ತುಂಬಿಟ್ಟ ಕಪಾಟುಗಳಲ್ಲಿ ಮಾತ್ರ ಪ್ರತಿ ವರ್ಷವೂ ಹಿಂದಿನ ಸಾಲೇ ಮೊದಲು ಕೆಡುತ್ತಿತ್ತು.

ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಎಂಬ ಜೈನ ಟೀಕಾಗ್ರಂಥಗಳ ತಾಳೆಗರಿ ಪ್ರತಿಗಳು ಕರಾವಳಿಯ ಅಷ್ಟು ಮಳೆಯಲ್ಲಿ ಶತಮಾನಗಳ ಕಾಲ ಉಳಿದು ಬಂದವು. ಅವು ಅಚ್ಚಾಗಿ ಹೊರಬರಲು ಶುರುವಾದದ್ದು 1939ರಲ್ಲಿ. ದಿಗಂಬರ ಜೈನರು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿ ಆಚರಿಸುತ್ತಾರೆ. ಅಂದು ಗ್ರಂಥಗಳನ್ನು ಹೊರತೆಗೆದು, ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜಿಸುತ್ತಾರೆ. ಅದು ಮೇ ಕೊನೆಗೋ ಜೂನ್‌ನಲ್ಲೋ, ಅಂದರೆ ಮಳೆಯ ಬಾಗಿಲಿನಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ನವರಾತ್ರಿಯ ಮೂಲಾ ನಕ್ಷತ್ರದ ದಿನ ಸರಸ್ವತಿಯ ಮುಂದೆ ಪುಸ್ತಕಗಳನ್ನು ಜೋಡಿಸಿಡುತ್ತೇವೆ, ಅದು ಮಳೆ ತಗ್ಗುವ ಹೊತ್ತು. ಬಟ್ಟೆ ಸುತ್ತುವುದನ್ನು ನಾನು ಜೈನರಿಂದಲೇ ಕಲಿತೆ. ಪ್ಲಾಸ್ಟಿಕ್ ಹೋದ ಜಾಗಕ್ಕೆ ಅಪ್ಪನ ಹತ್ತಿ ಪಂಚೆಗಳು ಬಂದಿವೆ. ಹತ್ತಿ ತೇವವನ್ನು ತಾನು ಕುಡಿದು ತಾನೇ ಬಿಡುತ್ತದೆ, ಹುಳುವನ್ನೂ ಧೂಳನ್ನೂ ಹೊರಗೆ ನಿಲ್ಲಿಸುತ್ತದೆ.

ಈಗ ನನ್ನ ವ್ಯವಸ್ಥೆ ಇಷ್ಟು. ಅಪರೂಪದವು, ಅಪ್ಪನ ಟಿಪ್ಪಣಿ ಇರುವವು ವೈಶಾಖದಲ್ಲಿ ಪೆಟ್ಟಿಗೆಗೆ, ಸಿಲಿಕಾದ ಜೊತೆಗೆ. ಬೀಟೆ ಕಪಾಟಿಗೆ ಬಲ್ಬು ಮತ್ತು ಎರಡು ಬೆರಳಿನ ಸಂದಿ, ಎಲ್ಲ ಸಾಲಿನ ಹಿಂದೆ ಬಜೆಯ ಪೊಟ್ಟಣ. ಬೇವು, ನುಸಿಗುಳಿಗೆ, ಉಕ್ಕಿನ ಕಪಾಟು ಕೈಬಿಟ್ಟೆ. ಎರಡು ಸಾಲು ಜೋಡಿಸುವುದನ್ನೂ ಬಿಡಬೇಕಾಯಿತು, ಅದು ನನಗೆ ಎಲ್ಲಕ್ಕಿಂತ ಕಠಿಣವಾಗಿತ್ತು. ಎರಡನೆಯ ಪ್ರತಿಗಳು, ನಾನಾಗಲಿ ಮಗಳಾಗಲಿ ಮತ್ತೆ ಓದುವುದಿಲ್ಲ ಎಂದು ಖಚಿತವಿದ್ದವು ಸೇರಿ ಇನ್ನೂರಾ ಹತ್ತು ಪುಸ್ತಕಗಳನ್ನು ಹತ್ತಿರದ ಶಾಲೆಗಳಿಗೂ ಓದುವ ನೆರೆಹೊರೆಗೂ ಕೊಟ್ಟೆ. ಕೊಡುವ ಮೊದಲು ಪ್ರತಿಯೊಂದನ್ನೂ ಮತ್ತೊಮ್ಮೆ ತೆರೆದು ನೋಡಿದೆ, ಏಳನ್ನು ಮರಳಿ ಒಳಗೆ ತಂದೆ. ಒಂದೇ ಕಪಾಟು ಇರುವವರು ನನ್ನನ್ನು ಕೇಳಿದರೆ ಬಜೆ, ಗೋಡೆಯಿಂದ ನಾಲ್ಕು ಅಂಗುಲ, ನೂರು ಇನ್ನೂರು ರೂಪಾಯಿಯ ಒಂದು ತೇವಮಾಪಕ, ಇಷ್ಟರಿಂದ ಶುರುಮಾಡಿ ಎನ್ನುತ್ತೇನೆ.

ಮಳೆ ಮುಗಿದ ಮೇಲೆ ಗಾಳಿಗೆ ಇಡುವುದೊಂದು ಉಳಿಯುತ್ತದೆ. ಬಿಸಿಲಿಗೋ ನೆರಳಿಗೋ ಎಂಬುದರಲ್ಲಿ ನಮ್ಮ ಮನೆಯಲ್ಲೇ ಎರಡು ಪಕ್ಷಗಳಿದ್ದವು. ಅಮ್ಮ ಬಿಸಿಲಿನ ಪಕ್ಷ. ಎರಡೂ ಮಾಡಿ ನೋಡಿದೆ. ನೇರ ಬಿಸಿಲಿಗೆ ಮೂರು ಗಂಟೆ ಇಟ್ಟರೆ ಅಂಟಿನ ಬೈಂಡಿಂಗಿನ ಹೊಸ ಪುಸ್ತಕಗಳ ಬೆನ್ನು ಬಿರುಕು ಬಿಡುತ್ತದೆ, ಅಗ್ಗದ ಕಾಗದ ಇನ್ನಷ್ಟು ಹಳದಿಯಾಗುತ್ತದೆ, ಮುಖಪುಟದ ಕೆಂಪು ಎಲ್ಲಕ್ಕಿಂತ ಮೊದಲು ಮಾಸುತ್ತದೆ. ದಾರದಿಂದ ಹೊಲಿದ ಹಳೆಯವು ತಡೆದುಕೊಳ್ಳುತ್ತವೆ. ಜಗಲಿಯ ನೆರಳಿನಲ್ಲಿ, ಗಾಳಿ ಬೀಸುವ ಕಡೆಗೆ ಮುಖಮಾಡಿ, ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿದರೆ ಎರಡು ದಿನ ಬೇಕು, ಹಾನಿಯಿಲ್ಲ. ಬೂಷ್ಟು ಕಂಡದ್ದನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಾಚೆ ಒಯ್ದು, ಮೆತ್ತನೆಯ ಕುಂಚದಿಂದ ಒಣದಾಗಿಯೇ ಉದುರಿಸಬೇಕು. ಒದ್ದೆ ಬಟ್ಟೆ ತಾಗಿಸಿದರೆ ಬೂಷ್ಟು ಹಾಳೆಯೊಳಕ್ಕೆ ಇಳಿಯುತ್ತದೆ.

ಕಳೆದ ಅಕ್ಟೋಬರಿನಲ್ಲಿ ಚಿತ್ತಾ ಮಳೆ ಒಂದು ದಿನ ಬಿಡುವು ಕೊಟ್ಟಾಗ ನಾಲ್ಕನೆಯ ಪೆಟ್ಟಿಗೆಯನ್ನು ಜಗಲಿಗೆ ತಂದೆ. ಮುಚ್ಚಳದ ಕ್ಲಿಪ್ಪು ಬಿಡಿಸಿದರೆ ಒಳಗಿನ ಮಾಪಕದಲ್ಲಿ 54. ಹತ್ತಿಯ ಗಂಟು ಬಿಚ್ಚಿ ಮೇಲಿನ ಪುಸ್ತಕದ ರಟ್ಟು ತೆಗೆದೆ. ಹುಲ್ಲಿನ, ಬೆಲ್ಲದ ಆ ಘಮ. ನೀಲಿ ಶಾಯಿಯ ಒಂದು ಅಕ್ಷರವೂ ಹರಡಿರಲಿಲ್ಲ: ‘12-8-1974, ಶಿವಮೊಗ್ಗ, ಆಶ್ಲೇಷಾ, ಜೋರು.’